ಮರೆವಿನ ಹೊಸ್ತಿಲಲ್ಲಿ ಮಿದುಳಿನ ಜಾಲ

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಸಂಜೆ ಹೊತ್ತು ಒಟ್ಟಿಗೆ ತಿರುಗಾಡಲು ಹೋಗುವ ನಾಲ್ಕೈದು ಜನರ ಗುಂಪು ನಮ್ಮದು. ನಮ್ಮಲ್ಲಿ ಹಿರಿಯರು ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರ್, ವಯಸ್ಸು 71. ಗುಂತಕಲ್‌ನಿಂದ ಹುಬ್ಬಳ್ಳಿಯವರೆಗಿನ ಎಲ್ಲ ನಿಲ್ದಾಣಗಳ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿ ನಮ್ಮನ್ನು ನಗಿಸುವುದು ಅವರ ಹಳೆಯ ಅಭ್ಯಾಸ. ಕೆಲವು ತಿಂಗಳ ಹಿಂದೆ ಒಂದು ಸಂಜೆ ಕುಡತಿನಿ ದಾಟಿದ ಮೇಲೆ ತಡವರಿಸಿ ನಿಂತರು. ನಾವು ಅದನ್ನು ಗಮನಿಸದವರಂತೆ ಮುಂದೆ ನಡೆದೆವು. ಆದರೆ ಆಮೇಲೆ ನೆನಪಿಸಿಕೊಂಡರೆ, ಆ ವಾರದಲ್ಲಿ ಅವರು ಮೊಮ್ಮಗಳ ಪರೀಕ್ಷೆಯ ವಿಷಯವನ್ನು ಮೂರು ಸಲ, ಮೂರು ಸಲವೂ ಹೊಸದಾಗಿಯೇ ಹೇಳಿದ್ದರು.

ಮರುವಾರ ಅವರು ಪತ್ರಿಕೆಯಿಂದ ಕತ್ತರಿಸಿದ ಒಂದು ತುಣುಕನ್ನು ಜೇಬಿನಿಂದ ತೆಗೆದು ನನ್ನ ಕೈಗಿಟ್ಟರು. ಮಿದುಳಿನ ಜಾಲದ ಚಿತ್ರ ತೆಗೆದು ಮರೆವಿನ ಕಾಯಿಲೆಯನ್ನು ಮೊದಲೇ ಕಂಡುಹಿಡಿಯಬಹುದು ಎಂಬ ಸುದ್ದಿ ಅದರಲ್ಲಿತ್ತು. "ಏನ್ರೀ ಸಾರ್, ನೀವು ಫಿಸಿಕ್ಸ್‌ನೋರು, ಮ್ಯಾಗ್ನೆಟ್ ವಿಷಯ ನಿಮಗೆ ಗೊತ್ತು. ಇದನ್ನ ಮಾಡಿಸ್ಲೇನು?" ಎಂದು ಕೇಳಿದರು. ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಓದಿ ಹೇಳುತ್ತೇನೆ ಎಂದೆ. ಹಾಗೆ ಓದಿದ್ದರ ಫಲ ಈ ಲೇಖನ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಎದ್ದಿರಬಹುದು.

ಅರಳುಮರಳು ಅಲ್ಲ, ಆದರೂ ಏನೋ ಇದೆ

'ಅರವತ್ತಕ್ಕೆ ಅರಳುಮರಳು' ಎಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಅರವತ್ತು ದಾಟಿದವರಿಗೆಲ್ಲ ಅರಳುಮರಳು ಬರುವುದಿಲ್ಲ ಎಂಬುದು ಒಂದು. ಬಂದಾಗ ಅದು ವಯಸ್ಸಿನ ಸಹಜ ಗುಣವಲ್ಲ, ಕಾಯಿಲೆ ಎಂಬುದು ಇನ್ನೊಂದು. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಡಿಮೆನ್ಷಿಯಾ ಇರುವವರ ಪ್ರಮಾಣ ಶೇಕಡಾ 7.4, ಅಂದರೆ ಸುಮಾರು 88 ಲಕ್ಷ ಜನ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಇಲ್ಲ.

ಸಹಜವಾದ ಮರೆವಿಗೂ ಡಿಮೆನ್ಷಿಯಾಕ್ಕೂ ನಡುವೆ ಒಂದು ಸ್ಥಿತಿ ಇದೆ. ವೈದ್ಯರು ಇದನ್ನು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಚಿಕ್ಕದಾಗಿ ಎಂ.ಸಿ.ಐ. ಎನ್ನುತ್ತಾರೆ. ಕನ್ನಡದಲ್ಲಿ 'ಅರಿವಿನ ಲಘು ಕುಂದು' ಎನ್ನಬಹುದು. ಅಮೆರಿಕದ ಮೇಯೊ ಕ್ಲಿನಿಕ್‌ನ ರೊನಾಲ್ಡ್ ಪೀಟರ್ಸನ್ ಮತ್ತು ಸಂಗಡಿಗರು 1999ರಲ್ಲಿ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ವಿವರಿಸಿದರು. ನೆನಪು ಕುಂದಿದೆ ಎಂದು ವ್ಯಕ್ತಿಗೋ ಮನೆಯವರಿಗೋ ಅನ್ನಿಸಿರಬೇಕು. ಪರೀಕ್ಷೆ ಮಾಡಿದಾಗ ಅದೇ ವಯಸ್ಸಿನ, ಅಷ್ಟೇ ಓದಿದ ಇತರರಿಗಿಂತ ನೆನಪು ಕಡಿಮೆ ಇರಬೇಕು. ಆದರೆ ದಿನನಿತ್ಯದ ಬದುಕು ಹೆಚ್ಚುಕಡಿಮೆ ಮೊದಲಿನಂತೆ ನಡೆಯುತ್ತಿರಬೇಕು. ನಮ್ಮ ಸ್ಟೇಷನ್ ಮಾಸ್ಟರರು ಈಗಲೂ ಬ್ಯಾಂಕಿಗೆ ಒಬ್ಬರೇ ಹೋಗುತ್ತಾರೆ, ತರಕಾರಿಯ ಲೆಕ್ಕ ತಪ್ಪುವುದಿಲ್ಲ.

ಈ ಹೊಸ್ತಿಲಲ್ಲಿ ನಿಂತವರೆಲ್ಲ ಒಂದೇ ಕಡೆಗೆ ಹೋಗುವುದಿಲ್ಲ. ಆಸ್ಪತ್ರೆಗಳ ನೆನಪಿನ ಚಿಕಿತ್ಸಾಲಯಗಳಿಗೆ ಬರುವ ಇಂಥವರಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ 10ರಿಂದ 15 ಮಂದಿ ಡಿಮೆನ್ಷಿಯಾದ ಕಡೆಗೆ ಜಾರುತ್ತಾರೆ. ಊರಿನಲ್ಲಿ ಮನೆಮನೆಗೆ ಹೋಗಿ ಪರೀಕ್ಷಿಸಿದರೆ ಈ ಪ್ರಮಾಣ ಇನ್ನೂ ಕಡಿಮೆ. ಕೆಲವರು ಹಲವು ವರ್ಷ ಹಾಗೆಯೇ ಇರುತ್ತಾರೆ. ಇನ್ನು ಕೆಲವರು ಮರಳಿ ಸಹಜ ಸ್ಥಿತಿಗೆ ಬರುತ್ತಾರೆ. ಹಾಗಾಗಿ ನಿಜವಾದ ಪ್ರಶ್ನೆ 'ಇವರಿಗೆ ಮರೆವಿದೆಯೇ' ಎಂಬುದಲ್ಲ, 'ಇವರು ಯಾವ ಕಡೆ ಹೋಗುತ್ತಾರೆ' ಎಂಬುದು. ಮಿದುಳಿನ ಜಾಲದ ಅಧ್ಯಯನಕ್ಕೆ ವಿಜ್ಞಾನಿಗಳು ಕೈಹಾಕಿದ್ದು ಈ ಪ್ರಶ್ನೆಗೆ ಉತ್ತರ ಸಿಕ್ಕೀತೆಂಬ ಆಸೆಯಿಂದ.

ರಕ್ತದ ಕಾಂತಗುಣ

ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಅಂದರೆ ದೇಹದ ತೂಕದ ನೂರನೆಯ ಎರಡು ಪಾಲು. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲು ಅದಕ್ಕೇ ಬೇಕು. ಅದರಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಒಂದೊಂದೂ ಸಾವಿರಾರು ಇತರ ಕೋಶಗಳೊಂದಿಗೆ ಸಂಪರ್ಕ ಹೊಂದಿದೆ. ತಲೆಬುರುಡೆ ತೆರೆಯದೆ ಇವುಗಳ ಮಾತುಕತೆಯನ್ನು ಕೇಳುವುದು ಹೇಗೆ?

ದಾರಿ ತೋರಿಸಿದ್ದು ಭೌತವಿಜ್ಞಾನ ಮತ್ತು ರಸಾಯನವಿಜ್ಞಾನ. ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ 1936ರಲ್ಲಿ ಒಂದು ಸ್ವಾರಸ್ಯಕರ ಸಂಗತಿಯನ್ನು ಪ್ರಕಟಿಸಿದರು. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಡಯಾಕಾಂತೀಯ, ಅಂದರೆ ಕಾಂತಕ್ಷೇತ್ರ ಅದನ್ನು ತೀರ ಅಲ್ಪವಾಗಿ ವಿಕರ್ಷಿಸುತ್ತದೆ. ಆಕ್ಸಿಜನ್ ಕಳೆದುಕೊಂಡ ಹಿಮೋಗ್ಲೋಬಿನ್ ಪ್ಯಾರಾಕಾಂತೀಯ, ಅಂದರೆ ಕಾಂತಕ್ಷೇತ್ರ ಅದನ್ನು ಅಲ್ಪವಾಗಿ ಆಕರ್ಷಿಸುತ್ತದೆ. ಅಂದು ಇದು ಕೇವಲ ರಾಸಾಯನಿಕ ಬಂಧದ ವಿಷಯವಾಗಿತ್ತು. 1990ರಲ್ಲಿ ಬೆಲ್ ಪ್ರಯೋಗಾಲಯದ ಸೈಜಿ ಒಗಾವ ಮತ್ತು ಸಂಗಡಿಗರು ಇಲಿಗಳ ಮಿದುಳಿನಲ್ಲಿ ಈ ವ್ಯತ್ಯಾಸವನ್ನು ಎಂ.ಆರ್.ಐ. ಯಂತ್ರದಿಂದ ನೋಡಬಹುದೆಂದು ತೋರಿಸಿದರು.

ಎಂ.ಆರ್.ಐ. ಯಂತ್ರ ಮಾಡುವುದಿಷ್ಟು. ನಮ್ಮ ದೇಹದ ನೀರಿನಲ್ಲಿರುವ ಪ್ರೋಟಾನುಗಳು ಬಲವಾದ ಕಾಂತಕ್ಷೇತ್ರದಲ್ಲಿ ಬುಗುರಿಗಳಂತೆ ಓಲಾಡುತ್ತವೆ. 3 ಟೆಸ್ಲಾ ಕ್ಷೇತ್ರದಲ್ಲಿ ಈ ಓಲಾಟದ ಆವೃತ್ತಿ ಸುಮಾರು 128 ಮೆಗಾಹರ್ಟ್ಸ್. ನಿಮ್ಮ ಎಫ್.ಎಂ. ರೇಡಿಯೋದ ಮುಳ್ಳನ್ನು 108ಕ್ಕಿಂತ ಇನ್ನಷ್ಟು ಮುಂದೆ ತಿರುಗಿಸುವಂತಿದ್ದರೆ ಈ ಆವೃತ್ತಿ ಸಿಗುತ್ತಿತ್ತು. 3 ಟೆಸ್ಲಾ ಎಂದರೆ ಎಷ್ಟು? ಬಳ್ಳಾರಿಯಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರದ ಸುಮಾರು ಎಪ್ಪತ್ತು ಸಾವಿರ ಪಟ್ಟು. ಓಲಾಡುವ ಪ್ರೋಟಾನುಗಳಿಗೆ ರೇಡಿಯೋ ತರಂಗದಿಂದ ತಟ್ಟಿದರೆ ಅವು ತಮ್ಮದೇ ಸಂಕೇತವನ್ನು ಹಿಂದಿರುಗಿಸುತ್ತವೆ. ಅಕ್ಕಪಕ್ಕದಲ್ಲಿ ಪ್ಯಾರಾಕಾಂತೀಯ ಹಿಮೋಗ್ಲೋಬಿನ್ ಹೆಚ್ಚಿದ್ದರೆ ಅವುಗಳ ಲಯ ಕೆಡುತ್ತದೆ, ಸಂಕೇತ ಮಂಕಾಗುತ್ತದೆ.

ಮಿದುಳಿನ ಒಂದು ಭಾಗ ಚುರುಕಾದಾಗ ಅಲ್ಲಿಗೆ ರಕ್ತ ಹೆಚ್ಚಾಗಿ ನುಗ್ಗುತ್ತದೆ. ಖರ್ಚಾಗುವ ಆಕ್ಸಿಜನ್‌ಗಿಂತ ಬಂದ ಆಕ್ಸಿಜನ್ನೇ ಹೆಚ್ಚು. ಹಾಗಾಗಿ ಆಕ್ಸಿಜನ್ ಇಲ್ಲದ ಹಿಮೋಗ್ಲೋಬಿನ್ನಿನ ಪಾಲು ಕುಗ್ಗಿ ಸಂಕೇತ ತುಸು ಏರುತ್ತದೆ. ಏರಿಕೆ ನೂರಕ್ಕೆ ಒಂದೆರಡು ಭಾಗ ಮಾತ್ರ. ಅದೂ ಐದಾರು ಸೆಕೆಂಡು ತಡವಾಗಿ. ನಾವು ನೋಡುತ್ತಿರುವುದು ನರಕೋಶದ ವಿದ್ಯುತ್ತನ್ನಲ್ಲ, ಅದಕ್ಕೆ ಊಟ ಬಡಿಸಲು ಬರುವ ರಕ್ತವನ್ನು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗುಡ್ಡದ ಮೇಲಿಂದ ಕಂಡ ದೀಪಗಳು

ಈಗ ಒಂದು ರಾತ್ರಿ ನೀವು ಬಳ್ಳಾರಿಯ ಕೋಟೆ ಗುಡ್ಡದ ಮೇಲೆ ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. ಕೆಳಗೆ ಊರಿನ ದೀಪಗಳು. ಆಗಾಗ ಕರೆಂಟು ಹೋಗುತ್ತದೆ, ಬರುತ್ತದೆ. ಕೌಲ್‌ಬಜಾರಿನ ಒಂದು ಬೀದಿ ಕತ್ತಲಾದಾಗಲೆಲ್ಲ ದೂರದ ಇನ್ನೊಂದು ಬೀದಿಯೂ ಕತ್ತಲಾಗುತ್ತದೆ. ಬ್ರೂಸ್‌ಪೇಟೆ ಮಾತ್ರ ಬೆಳಗುತ್ತಲೇ ಇರುತ್ತದೆ. ತಂತಿಗಳು ನಿಮಗೆ ಕಾಣುವುದಿಲ್ಲ. ಆದರೂ ಆ ಎರಡು ಬೀದಿಗಳು ಒಂದೇ ಫೀಡರಿನಲ್ಲಿವೆ ಎಂದು ನೀವು ಊಹಿಸುತ್ತೀರಿ. ಸಾಕಷ್ಟು ಹೊತ್ತು ಕುಳಿತು ಬರೆದುಕೊಂಡರೆ ಇಡೀ ಊರಿನ ವಿದ್ಯುತ್ ಜಾಲದ ಒಂದು ನಕ್ಷೆಯೇ ನಿಮಗೆ ಸಿಗುತ್ತದೆ.

1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಿದುಳಿಗೆ ಇದನ್ನೇ ಮಾಡಿದರು. ಯಂತ್ರದೊಳಗೆ ಮಲಗಿದವರಿಗೆ ಯಾವ ಕೆಲಸವನ್ನೂ ಕೊಡಲಿಲ್ಲ, ಸುಮ್ಮನೆ ಮಲಗಿರಿ ಎಂದರು. ಆಗಲೂ ಸಂಕೇತ ನಿಧಾನವಾಗಿ ಏರಿಳಿಯುತ್ತಿತ್ತು. ಒಂದು ಏರಿಳಿತಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ. ಇದನ್ನು ಗದ್ದಲ ಎಂದು ಬಿಸಾಡುವುದು ಅಂದಿನ ರೂಢಿ. ಆದರೆ ಎಡಗೈಯನ್ನು ನಡೆಸುವ ಭಾಗದ ಏರಿಳಿತವೂ ಬಲಗೈಯನ್ನು ನಡೆಸುವ ಭಾಗದ ಏರಿಳಿತವೂ ಜೊತೆಜೊತೆಯಾಗಿ ಸಾಗುತ್ತಿದ್ದವು. ಹೀಗೆ ಜೊತೆಯಾಗಿ ಏರಿಳಿಯುವುದನ್ನು ಸಹಸಂಬಂಧ ಗುಣಾಂಕದಿಂದ ಅಳೆಯುತ್ತಾರೆ. ಪೂರ್ತಿ ಜೊತೆಯಿದ್ದರೆ +1, ಸಂಬಂಧವೇ ಇಲ್ಲದಿದ್ದರೆ 0, ಪೂರ್ತಿ ವಿರುದ್ಧವಾಗಿದ್ದರೆ −1. ಇದೇ ಕ್ರಿಯಾತ್ಮಕ ಸಂಪರ್ಕ. ನರತಂತುಗಳ ನೇರ ನಕ್ಷೆಯನ್ನು ನೀರಿನ ಅಣುಗಳ ವಿಸರಣೆಯಿಂದ ಪಡೆಯುವ ಇನ್ನೊಂದು ವಿಧಾನವೂ ಉಂಟು. ಇಲ್ಲಿ ಅದರ ವಿವರ ಬೇಡ.

2001ರಲ್ಲಿ ಮಾರ್ಕಸ್ ರೇಯ್ಕಲ್ ಮತ್ತು ಸಂಗಡಿಗರು ಮತ್ತೊಂದು ವಿಚಿತ್ರವನ್ನು ಗುರುತಿಸಿದರು. ನಾವು ಹೊರಗಿನ ಕೆಲಸದಲ್ಲಿ ತೊಡಗಿದಾಗ ಮಿದುಳಿನ ಕೆಲವು ಭಾಗಗಳು ತಣ್ಣಗಾಗುತ್ತವೆ. ಕೆಲಸ ಬಿಟ್ಟು ಹಳೆಯದನ್ನು ನೆನೆಯುತ್ತ, ನಾಳೆಯದನ್ನು ಯೋಚಿಸುತ್ತ ಕುಳಿತಾಗ ಅವೇ ಚುರುಕಾಗುತ್ತವೆ. ಮಿದುಳಿನ ಹಿಂಬದಿಯ ನಡುವಿನಲ್ಲಿರುವ ಸಿಂಗ್ಯುಲೇಟ್ ಪ್ರದೇಶ, ಹಣೆಯ ಹಿಂದಿನ ನಡುಭಾಗ, ಎರಡೂ ಪಕ್ಕದ ಕೆಳ ಪರೈಟಲ್ ಪ್ರದೇಶಗಳು ಈ ಕೂಟದ ಸದಸ್ಯರು. ಇದನ್ನು ಡಿಫಾಲ್ಟ್ ಜಾಲ ಎನ್ನುತ್ತಾರೆ, ನಾವು 'ಸುಮ್ಮನಿರುವಾಗಿನ ಜಾಲ' ಎಂದು ಕರೆಯೋಣ. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಈ ಜಾಲದೊಡನೆ ನಿಕಟ ಸಂಪರ್ಕದಲ್ಲಿರುತ್ತದೆ.

ಮಿದುಳಿನ ಗುಂತಕಲ್

ಜಾಲ ಎಂದ ಮೇಲೆ ಅದರ ಗಣಿತವೂ ಬರಬೇಕು. 1736ರಲ್ಲಿ ಆಯ್ಲರ್ ಕೊನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಒಗಟನ್ನು ಬಿಡಿಸಿದಾಗ ಈ ಗಣಿತ ಹುಟ್ಟಿತು. ಮಿದುಳಿನ ಹೊರಪದರವನ್ನೂ ಒಳಗಿನ ಕೆಲವು ಭಾಗಗಳನ್ನೂ ಸೇರಿಸಿ 90 ಪ್ರದೇಶಗಳಾಗಿ ವಿಂಗಡಿಸುವ ಒಂದು ನಕ್ಷೆ ಬಹಳ ಬಳಕೆಯಲ್ಲಿದೆ. ಪ್ರತಿ ಪ್ರದೇಶವೂ ಒಂದು ಬಿಂದು. ಎರಡು ಪ್ರದೇಶಗಳ ಸಹಸಂಬಂಧ ಸಾಕಷ್ಟು ಹೆಚ್ಚಿದ್ದರೆ ಅವುಗಳ ನಡುವೆ ಒಂದು ಗೆರೆ. 90 ಬಿಂದುಗಳಲ್ಲಿ ಎಷ್ಟು ಜೋಡಿ? 90ನ್ನು 89ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 4005.

1998ರಲ್ಲಿ ವಾಟ್ಸ್ ಮತ್ತು ಸ್ಟ್ರೊಗಾಟ್ಸ್ 'ಕಿರುಜಗತ್ತು' ಎಂಬ ಬಗೆಯ ಜಾಲವನ್ನು ವಿವರಿಸಿದರು. ಅದರಲ್ಲಿ ನೆರೆಯವರೊಡನೆ ದಟ್ಟ ಸಂಬಂಧ ಇರುತ್ತದೆ, ಜೊತೆಗೆ ಕೆಲವೇ ದೂರದ ಕೊಂಡಿಗಳಿಂದ ಎಲ್ಲಿಂದ ಎಲ್ಲಿಗಾದರೂ ನಾಲ್ಕಾರು ಹೆಜ್ಜೆಗಳಲ್ಲಿ ತಲಪಬಹುದು. ಆರೋಗ್ಯವಂತ ಮಿದುಳಿನ ಜಾಲ ಈ ಬಗೆಯದು. ಇದನ್ನು ಸ್ಟೇಷನ್ ಮಾಸ್ಟರರಿಗೆ ವಿವರಿಸಲು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ಅವರು ಬದುಕಿದ್ದೇ ಇಂಥ ಜಾಲದಲ್ಲಿ. ನಮ್ಮಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಗುಂತಕಲ್ ಜಂಕ್ಷನ್ನಿಗೆ ಹುಬ್ಬಳ್ಳಿ, ರಾಯಚೂರು, ಬೆಂಗಳೂರು, ಚೆನ್ನೈ, ನಂದ್ಯಾಲ ಕಡೆಗಳಿಂದ ಹಳಿಗಳು ಬಂದು ಸೇರುತ್ತವೆ. ಕುಡತಿನಿಯಲ್ಲಿ ರೈಲು ನಿಲ್ಲದಿದ್ದರೆ ಕುಡತಿನಿಯವರಿಗೆ ತೊಂದರೆ. ಗುಂತಕಲ್ಲಿನಲ್ಲಿ ಸಿಗ್ನಲ್ ಕೆಟ್ಟರೆ ನಾಲ್ಕು ರಾಜ್ಯಗಳ ವೇಳಾಪಟ್ಟಿಯೇ ಏರುಪೇರು.

ಮಿದುಳಿನಲ್ಲೂ ಗುಂತಕಲ್‌ಗಳಿವೆ. ಆಗ ಹೇಳಿದ ಹಿಂಬದಿಯ ಸಿಂಗ್ಯುಲೇಟ್ ಪ್ರದೇಶ ಅವುಗಳಲ್ಲಿ ಮುಖ್ಯವಾದದ್ದು. ಅಲ್ಜೈಮರ್ ಕಾಯಿಲೆಯಲ್ಲಿ ಮೊದಲು ಪೆಟ್ಟು ತಿನ್ನುವುದೂ ಇಂಥ ಜಂಕ್ಷನ್ನುಗಳೇ. ಈ ಕಾಯಿಲೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ಹೊರಗೆ ಗಂಟುಕಟ್ಟುತ್ತದೆ. ಎಲ್ಲೆಲ್ಲಿ ಹೆಚ್ಚು ಗಂಟುಕಟ್ಟಿದೆ ಎಂಬ ನಕ್ಷೆಯನ್ನೂ ಎಲ್ಲೆಲ್ಲಿ ಜಂಕ್ಷನ್ನುಗಳಿವೆ ಎಂಬ ನಕ್ಷೆಯನ್ನೂ 2009ರಲ್ಲಿ ರಾಂಡಿ ಬಕ್ನರ್ ಮತ್ತು ಸಂಗಡಿಗರು ಒಂದರ ಮೇಲೊಂದು ಇಟ್ಟು ನೋಡಿದರು. ಎರಡೂ ಬಹುಮಟ್ಟಿಗೆ ಹೊಂದಿಕೊಂಡವು. ನರಕೋಶಗಳ ಚಟುವಟಿಕೆ ಹೆಚ್ಚಿದಷ್ಟೂ ಅಮೈಲಾಯ್ಡ್ ಬಿಡುಗಡೆಯೂ ಹೆಚ್ಚು ಎಂಬುದು ಇಲಿಗಳ ಮೇಲಿನ ಪ್ರಯೋಗಗಳಿಂದ ಅದಕ್ಕೂ ಮೊದಲೇ ತಿಳಿದಿತ್ತು. ಬಿಡುವಿಲ್ಲದೆ ದುಡಿಯುವ ಜಂಕ್ಷನ್ನೇ ಮೊದಲು ಸವೆಯುತ್ತದೆ ಎಂದರೆ ರೈಲ್ವೆಯವರಿಗೆ ಆಶ್ಚರ್ಯವಾಗದು.

ಎಲ್ಲ ಕೊಂಡಿಗಳೂ ಸಡಿಲವಾಗುವುದಿಲ್ಲ

ಹಾಗಾದರೆ ಅರಿವಿನ ಲಘು ಕುಂದಿನಲ್ಲಿ ಜಾಲಕ್ಕೆ ಏನಾಗುತ್ತದೆ? 2004ರಲ್ಲಿ ಮೈಕೆಲ್ ಗ್ರೈಸಿಯಸ್ ಮತ್ತು ಸಂಗಡಿಗರು ಅಲ್ಜೈಮರ್ ರೋಗಿಗಳಲ್ಲಿ ಸುಮ್ಮನಿರುವಾಗಿನ ಜಾಲ ದುರ್ಬಲವಾಗಿದೆ ಎಂದು ತೋರಿಸಿದ್ದರು. 2007ರಲ್ಲಿ ಜರ್ಮನಿಯ ಕ್ರಿಶ್ಚಿಯನ್ ಸೋರ್ಗ್ ಮತ್ತು ಸಂಗಡಿಗರು ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಇನ್ನೂ ಡಿಮೆನ್ಷಿಯಾ ಬಾರದ 24 ಮಂದಿ ಎಂ.ಸಿ.ಐ. ಇರುವವರನ್ನೂ 16 ಮಂದಿ ಆರೋಗ್ಯವಂತರನ್ನೂ ಹೋಲಿಸಿದರು. ಹಿಪೊಕ್ಯಾಂಪಸ್ಸಿಗೂ ಹಿಂಬದಿಯ ಸಿಂಗ್ಯುಲೇಟ್ ಪ್ರದೇಶಕ್ಕೂ ನಡುವಿನ ಸಂಪರ್ಕ ಆರೋಗ್ಯವಂತರ ಗುಂಪಿನಲ್ಲಿ ಸ್ಪಷ್ಟವಾಗಿತ್ತು, ಎಂ.ಸಿ.ಐ. ಗುಂಪಿನಲ್ಲಿ ಕಾಣಲಿಲ್ಲ. ನೆನಪಿನ ಉಗ್ರಾಣಕ್ಕೂ ಜಂಕ್ಷನ್ನಿಗೂ ನಡುವಿನ ಹಳಿ ಮೊದಲು ಸಡಿಲವಾಗುತ್ತದೆ ಎಂದು ಇದರ ಅರ್ಥ.

ಆದರೆ ಕಥೆ ಇಷ್ಟು ಸರಳವಾಗಿಲ್ಲ. ಅನೇಕ ಅಧ್ಯಯನಗಳಲ್ಲಿ ಕೆಲವು ಕೊಂಡಿಗಳು ಸಡಿಲವಾಗುವ ಹೊತ್ತಿನಲ್ಲೇ ಮತ್ತೆ ಕೆಲವು ಬಿಗಿಯಾಗಿದ್ದವು, ಅದರಲ್ಲೂ ಹಣೆಯ ಹಿಂದಿನ ಭಾಗಗಳಲ್ಲಿ. ಹಿಪೊಕ್ಯಾಂಪಸ್ ಕೂಡ ಆರಂಭದ ಹಂತದಲ್ಲಿ ಮಂಕಾಗುವ ಬದಲು ಅತಿಯಾಗಿ ಚುರುಕಾಗಿರುವುದನ್ನು 2005ರಲ್ಲಿ ಡಿಕರ್ಸನ್ ಮತ್ತು ಸಂಗಡಿಗರು ಕಂಡರು. ಮೊದಲಿಗೆ ಬಹಳ ಮಂದಿ ಇದನ್ನು ಪರಿಹಾರದ ಯತ್ನ ಎಂದು ವಿವರಿಸಿದರು. ಒಂದು ದಾರಿ ಕೆಟ್ಟಿದೆ, ಮಿದುಳು ಇನ್ನೊಂದು ದಾರಿಯಿಂದ ಕೆಲಸ ಸಾಗಿಸುತ್ತಿದೆ. ಸಮಾಧಾನ ಕೊಡುವ ವಿವರಣೆ. ಸ್ವಲ್ಪ ಮಟ್ಟಿಗೆ ನಿಜವೂ ಇರಬಹುದು.

2012ರಲ್ಲಿ ಬಕ್ಕರ್, ಗ್ಯಾಲಗರ್ ಮತ್ತು ಸಂಗಡಿಗರು ಇದಕ್ಕೆ ಒಂದು ಜಾಣ ಪರೀಕ್ಷೆ ಒಡ್ಡಿದರು. ಅತಿ ಚುರುಕು ನಿಜವಾಗಿಯೂ ಸಹಾಯ ಮಾಡುತ್ತಿದ್ದರೆ ಅದನ್ನು ತಗ್ಗಿಸಿದಾಗ ನೆನಪು ಇನ್ನಷ್ಟು ಕೆಡಬೇಕು. ಫಿಟ್ಸ್‌ಗೆ ಕೊಡುವ ಲೆವಿಟಿರಾಸಿಟಮ್ ಎಂಬ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟು ಚುರುಕನ್ನು ತಗ್ಗಿಸಿದರು. ನೆನಪಿನ ಪರೀಕ್ಷೆಯಲ್ಲಿ ಅವರು ಮೊದಲಿಗಿಂತ ಚೆನ್ನಾಗಿ ಮಾಡಿದರು! ಅಂದರೆ ಆ ಚುರುಕಿನಲ್ಲಿ ಕನಿಷ್ಠ ಒಂದು ಪಾಲು ಸಹಾಯವಲ್ಲ, ಕೇಡು. ಇದನ್ನು ಓದಿ ಯಾರೂ ಆ ಮಾತ್ರೆಯನ್ನು ಕೊಂಡು ತರಬಾರದು. ಹೆಚ್ಚು ಜನರ ಮೇಲೆ ಹೆಚ್ಚು ಕಾಲ ನಡೆದ ಮುಂದಿನ ಪ್ರಯೋಗದಲ್ಲಿ ನಿರೀಕ್ಷಿಸಿದ ಪ್ರಯೋಜನ ಸಿಗಲಿಲ್ಲ.

2016ರಲ್ಲಿ ಮೇಯೊ ಕ್ಲಿನಿಕ್‌ನ ಡೇವಿಡ್ ಜೋನ್ಸ್ ಮತ್ತು ಸಂಗಡಿಗರು ಈ ಎರಡೂ ಬದಲಾವಣೆಗಳನ್ನು ಒಂದೇ ದಾರದಲ್ಲಿ ಪೋಣಿಸಿದರು. ವಿದ್ಯುತ್ ಜಾಲದಲ್ಲಿ ಒಂದು ಉಪಕೇಂದ್ರ ಕೈಕೊಟ್ಟರೆ ಅದರ ಹೊರೆ ಪಕ್ಕದ್ದರ ಮೇಲೆ ಬೀಳುತ್ತದೆ. ಅದು ಕೆಲಕಾಲ ಹೆಚ್ಚು ದುಡಿದು, ತಾಳಲಾರದೆ ತಾನೂ ಕೆಡುತ್ತದೆ, ಹೊರೆ ಮುಂದಿನದಕ್ಕೆ ಹೋಗುತ್ತದೆ. ಅಂದರೆ ಒಂದು ಕೊಂಡಿ ಬಿಗಿಯಾಗಿರುವುದು ಆರೋಗ್ಯದ ಗುರುತೂ ಆಗಬಹುದು, ಮುಂದೆ ಕೆಡಲಿರುವುದರ ಗುರುತೂ ಆಗಬಹುದು. ನನಗೆ ಈ ವಿವರಣೆ ಹೆಚ್ಚು ಒಪ್ಪಿಗೆಯಾಗುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳು ಒಂದೇ ಕೊಂಡಿಯ ಬಗ್ಗೆ ಬೇರೆ ಬೇರೆ ಮಾತು ಹೇಳುವುದೇಕೆ ಎಂಬುದಕ್ಕೂ ಇದರಲ್ಲಿ ಒಂದು ಉತ್ತರ ಇದೆ. ಅವರು ನೋಡಿದ್ದು ಬೇರೆ ಬೇರೆ ಹಂತದಲ್ಲಿದ್ದವರನ್ನು.

ಕ್ಯಾಮರಾ ಅಲುಗಿದರೆ?

ಉಳಿದ ಉತ್ತರ ಅಷ್ಟು ಗೌರವದ್ದಲ್ಲ. ಗುಡ್ಡದ ಮೇಲಿನ ನಿಮ್ಮ ಕ್ಯಾಮರಾ ಗಾಳಿಗೆ ಅಲುಗಿತೆನ್ನಿ. ಎಲ್ಲ ದೀಪಗಳೂ ಒಟ್ಟಿಗೆ ಕುಣಿದಂತೆ ಕಾಣುತ್ತವೆ. ತಂತಿ ಇಲ್ಲದಲ್ಲೂ ತಂತಿ ಇದೆ ಎಂದು ನೀವು ಬರೆದುಕೊಳ್ಳುತ್ತೀರಿ. ಯಂತ್ರದೊಳಗೆ ತಲೆ ಒಂದು ಮಿಲಿಮೀಟರಿನ ಕೆಲವೇ ಭಾಗದಷ್ಟು ಅಲುಗಿದರೂ ಹತ್ತಿರದ ಕೊಂಡಿಗಳು ಬಿಗಿಯಾದಂತೆಯೂ ದೂರದ ಕೊಂಡಿಗಳು ಸಡಿಲವಾದಂತೆಯೂ ತೋರುತ್ತವೆ ಎಂದು 2012ರಲ್ಲಿ ಜೊನಾಥನ್ ಪವರ್ ಮತ್ತು ಸಂಗಡಿಗರು, ಹಾಗೆಯೇ ಇನ್ನೆರಡು ಗುಂಪುಗಳು ಸ್ವತಂತ್ರವಾಗಿ ಎಚ್ಚರಿಸಿದವು. ಹಿಂಬದಿಗೂ ಮುಂಬದಿಗೂ ನಡುವಿನ ಕೊಂಡಿ ದೂರದ ಕೊಂಡಿ ತಾನೆ? ವಯಸ್ಸಾದವರು, ನೆನಪು ಕುಂದಿದವರು ಯಂತ್ರದೊಳಗೆ ಸ್ವಲ್ಪ ಹೆಚ್ಚು ಅಲುಗುವುದು ಸಹಜ. ಹಾಗಾದರೆ ಅಲುಗಾಟವೊಂದೇ ಕಾಯಿಲೆಯ ವೇಷ ಹಾಕಬಲ್ಲದು. ಈಗ ಅಲುಗಾಟವನ್ನು ತೆಗೆದುಹಾಕುವ ಕ್ರಮಗಳಿವೆ. ಅದಕ್ಕೂ ಹಿಂದಿನ ಫಲಿತಾಂಶಗಳನ್ನು ಎಚ್ಚರದಿಂದ ಓದಬೇಕು.

ಆಗ ನೆನಪಿನಲ್ಲಿಡಿ ಎಂದದ್ದು ಇಲ್ಲಿ ಬೇಕಾಗುತ್ತದೆ. ನಾವು ಅಳೆಯುವುದು ರಕ್ತವನ್ನು. ಬಿ.ಪಿ., ಸಕ್ಕರೆ ಕಾಯಿಲೆ ಇರುವವರ ರಕ್ತನಾಳಗಳು ಬಿರುಸಾಗಿರುತ್ತವೆ. ನರಕೋಶ ಚೆನ್ನಾಗಿ ದುಡಿದರೂ ರಕ್ತ ಬೇಕಾದ ಹೊತ್ತಿಗೆ ಬಾರದು. ಯಂತ್ರ ಅದನ್ನೂ ಜಾಲದ ದೋಷವೆಂದೇ ತೋರಿಸಬಹುದು. ಇನ್ನು 4005 ಜೋಡಿಗಳ ಮಾತು. ನೂರಕ್ಕೆ ಐದರ ತಪ್ಪನ್ನು ಒಪ್ಪಿಕೊಳ್ಳುವ ಸಾಮಾನ್ಯ ನಿಯಮವನ್ನು ಹಾಗೆಯೇ ಬಳಸಿದರೆ, ಏನೂ ವ್ಯತ್ಯಾಸವಿಲ್ಲದ ಎರಡು ಗುಂಪುಗಳ ನಡುವೆಯೂ ಸುಮಾರು 200 ಜೋಡಿಗಳಲ್ಲಿ 'ವ್ಯತ್ಯಾಸ' ಸಿಗುತ್ತದೆ. ಒಳ್ಳೆಯ ಸಂಶೋಧಕರು ಇದಕ್ಕೆ ತಿದ್ದುಪಡಿ ಮಾಡುತ್ತಾರೆ. ಎಲ್ಲರೂ ಮಾಡಿದ್ದಾರೆಂದು ಹೇಳಲಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಒಂಬತ್ತನೆಯ ತರಗತಿಯ ಮಕ್ಕಳ ಸರಾಸರಿ ಎತ್ತರಕ್ಕಿಂತ ಹತ್ತನೆಯ ತರಗತಿಯ ಮಕ್ಕಳ ಸರಾಸರಿ ಎತ್ತರ ಹೆಚ್ಚು, ಇದರಲ್ಲಿ ಸಂದೇಹವಿಲ್ಲ. ಆದರೆ ಒಬ್ಬ ಹುಡುಗನ ಎತ್ತರ ಅಳೆದು ಅವನು ಯಾವ ತರಗತಿಯವನೆಂದು ಹೇಳಬಲ್ಲಿರಾ? ಎಂ.ಸಿ.ಐ. ಗುಂಪಿನ ಸರಾಸರಿ ಜಾಲಕ್ಕೂ ಆರೋಗ್ಯವಂತರ ಸರಾಸರಿ ಜಾಲಕ್ಕೂ ನಡುವಿನ ವ್ಯತ್ಯಾಸ ಇಂಥದು. ಸಾಲದ್ದಕ್ಕೆ, ಒಬ್ಬರದೇ ಐದು ಹತ್ತು ನಿಮಿಷದ ದಾಖಲೆ ಇಂದು ಒಂದು ತರಹ, ಮುಂದಿನ ವಾರ ಇನ್ನೊಂದು ತರಹ ಬರಬಹುದು. ನಿದ್ದೆ ಬಂದಿತ್ತೇ, ಕಾಫಿ ಕುಡಿದಿದ್ದರೇ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಶ್ರೀನಿವಾಸಪುರದ ಹಳ್ಳಿಗಳು, ನಮ್ಮ ಭಾಷೆಗಳು

ಈ ವಿಷಯದಲ್ಲಿ ನಮಗೆ ಹತ್ತಿರದ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವುದು ಅದರ ಗುರಿ. ರಕ್ತ, ನೆನಪಿನ ಪರೀಕ್ಷೆ, ಮಿದುಳಿನ ಎಂ.ಆರ್.ಐ. ಎಲ್ಲವೂ ಅದರಲ್ಲಿ ಸೇರಿವೆ. ಒಬ್ಬನ ಎತ್ತರವನ್ನು ಒಮ್ಮೆ ಅಳೆದರೆ ತರಗತಿ ತಿಳಿಯದು. ವರ್ಷ ವರ್ಷವೂ ಅಳೆದರೆ ಅವನು ಹೇಗೆ ಬೆಳೆಯುತ್ತಿದ್ದಾನೆ ಎಂಬುದಾದರೂ ತಿಳಿಯುತ್ತದೆ. ಪಶ್ಚಿಮದ ನಗರಗಳಲ್ಲಿ ಓದಿದವರ ಮೇಲೆ ಮಾಡಿದ ಅಧ್ಯಯನಗಳು ರಾಗಿ ಬೆಳೆಯುವ, ಶಾಲೆಗೆ ಹೋಗದ ಅಜ್ಜಿಗೆ ಎಷ್ಟು ಅನ್ವಯಿಸುತ್ತವೆ ಎಂಬುದೂ ಇಂಥ ಕೆಲಸದಿಂದಲೇ ತಿಳಿಯಬೇಕು. ಓದು ಬಾರದವರಿಗೆ 'ಈ ವಾಕ್ಯವನ್ನು ಬರೆಯಿರಿ' ಎಂದು ಕೇಳುವ ಪರೀಕ್ಷೆ ಕೊಟ್ಟರೆ ಅವರೆಲ್ಲ ರೋಗಿಗಳಾಗಿಬಿಡುತ್ತಾರಲ್ಲ!

ಭಾಷೆಯ ವಿಷಯವೂ ಇಲ್ಲಿ ಬರುತ್ತದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನಲ್ಲಿದ್ದಾಗ ಸಂಗಡಿಗರೊಡನೆ 648 ಡಿಮೆನ್ಷಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ ಕೂಡ. ಕಂಟೋನ್ಮೆಂಟ್‌ನಲ್ಲಿ ಕನ್ನಡದಲ್ಲಿ ಆರಂಭವಾದ ಮಾತು ತೆಲುಗಿಗೆ ಹೊರಳಿ ಉರ್ದುವಿನಲ್ಲಿ ಮುಗಿಯುವುದು ದಿನವೂ ಕೇಳುವ ಸಂಗತಿ. ನಮಗೆ ಇದು ಸಂತೋಷದ ಸುದ್ದಿ. ಆದರೆ ಆರೋಗ್ಯವಂತರನ್ನು ಮೊದಲಿನಿಂದ ಹಿಂಬಾಲಿಸಿದ ಬೇರೆ ದೇಶಗಳ ಅನೇಕ ಅಧ್ಯಯನಗಳಲ್ಲಿ ಇಂಥ ರಕ್ಷಣೆ ಕಂಡಿಲ್ಲ. ಬಹುಭಾಷೆ ಜಾಲವನ್ನು ಬಲಪಡಿಸುತ್ತದೆ ಎಂದು ನಂಬಲು ನನಗೂ ಇಷ್ಟ. ಇಷ್ಟವಾದದ್ದಕ್ಕೇ ಹೆಚ್ಚು ಸಾಕ್ಷ್ಯ ಕೇಳಬೇಕು ಎಂದು ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ ನಾನೇ ಹೇಳುತ್ತಿರುತ್ತೇನೆ.

ತುಣುಕಿಗೆ ಉತ್ತರ

ಸ್ಟೇಷನ್ ಮಾಸ್ಟರರಿಗೆ ನಾನು ಹೇಳಿದ್ದು ಇಷ್ಟು. ಪತ್ರಿಕೆಯಲ್ಲಿ ಬಂದದ್ದು ಸುಳ್ಳಲ್ಲ, ಅದು ಗುಂಪಿನ ಮಾತು. ನಿಮ್ಮೊಬ್ಬರ ಜಾಲದ ಚಿತ್ರ ನೋಡಿ ನೀವು ಯಾವ ಕಡೆ ಹೋಗುತ್ತೀರಿ ಎಂದು ಇಂದು ಯಾರೂ ಖಚಿತವಾಗಿ ಹೇಳಲಾರರು, ಅದಕ್ಕಾಗಿ ಹಣ ಖರ್ಚು ಮಾಡಬೇಡಿ. ಸಾಮಾನ್ಯ ಎಂ.ಆರ್.ಐ. ಬೇರೆಯ ಮಾತು. ಗಡ್ಡೆ, ಹಳೆಯ ಪಾರ್ಶ್ವವಾಯುವಿನ ಗುರುತು, ಹಿಪೊಕ್ಯಾಂಪಸ್ ಕುಗ್ಗಿದ್ದು ಅದರಲ್ಲಿ ಕಾಣುತ್ತವೆ, ವೈದ್ಯರು ಬರೆದುಕೊಟ್ಟರೆ ಮಾಡಿಸಬೇಕು. ಒಬ್ಬೊಬ್ಬರ ಕಾಯಿಲೆಯನ್ನು ಗುರುತಿಸುವ ವಿಷಯದಲ್ಲಿ ಈಗ ಮುಂದೆ ಸಾಗಿರುವುದು ರಕ್ತಪರೀಕ್ಷೆ. ಅಮೈಲಾಯ್ಡ್ ಮತ್ತು ಟೌ ಎಂಬ ಪ್ರೋಟೀನುಗಳ ಅನುಪಾತವನ್ನು ರಕ್ತದಲ್ಲಿ ಅಳೆಯುವ ಒಂದು ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಿತು. ಅದೂ ಕೂಡ ಲಕ್ಷಣಗಳಿರುವ 55 ದಾಟಿದವರಿಗೆ, ತಜ್ಞರ ಕೈಯಲ್ಲಿ ಮಾತ್ರ.

ಮೊದಲು ಮಾಡಿಸಬೇಕಾದವು ತೀರ ಸಾಧಾರಣ ಪರೀಕ್ಷೆಗಳು. ಬಿ12 ಜೀವಸತ್ವ, ಥೈರಾಯ್ಡ್, ಸಕ್ಕರೆ, ಬಿ.ಪಿ., ಕಿವಿ, ನಿದ್ದೆ, ಮನಸ್ಸಿನ ಖಿನ್ನತೆ, ದಿನವೂ ನುಂಗುವ ಮಾತ್ರೆಗಳ ಪಟ್ಟಿ. ಇವುಗಳಲ್ಲಿ ಯಾವುದು ಕೆಟ್ಟರೂ ನೆನಪು ಕುಂದಬಹುದು, ಹಲವನ್ನು ಸರಿಪಡಿಸಲೂಬಹುದು. ಹೊಸ್ತಿಲಿನಿಂದ ಹಿಂದಿರುಗುವವರ ಸಾಲಿನಲ್ಲಿ ಇಂಥವರೂ ಇರುತ್ತಾರೆ. ಜಗತ್ತಿನ ಡಿಮೆನ್ಷಿಯಾದಲ್ಲಿ ಸುಮಾರು ಶೇಕಡಾ 45ರಷ್ಟು ನಾವು ಬದಲಿಸಬಹುದಾದ ಹದಿನಾಲ್ಕು ಕಾರಣಗಳಿಗೆ ಸಂಬಂಧಿಸಿದ್ದು ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಲೆಕ್ಕಹಾಕಿತು. ಕಿವಿ ಮಂದವಾಗುವುದು ಆ ಹದಿನಾಲ್ಕರಲ್ಲಿ ಒಂದು.

ಅವರು ಮಗಳೊಡನೆ ವೈದ್ಯರ ಬಳಿಗೆ ಹೋಗಿ ಬಂದರು. ಬಿ12 ಬಹಳ ಕಡಿಮೆ ಇತ್ತು, ಇಂಜೆಕ್ಷನ್ ಆರಂಭವಾಗಿದೆ. ಎಡಗಿವಿಯೂ ಮಂದ, ಇಂಜಿನ್ನುಗಳ ಶಿಳ್ಳೆ ಕೇಳಿ ಕೇಳಿ ಹೀಗಾಯಿತೆಂದು ಅವರ ವಾದ. ನೆನಪಿನ ಪರೀಕ್ಷೆಯಲ್ಲಿ ಅಂಕ ಸ್ವಲ್ಪ ಕಡಿಮೆ ಬಂದಿದೆ. ಇದರಲ್ಲಿ ಬಿ12ರ ಪಾಲೆಷ್ಟು, ಬೇರೆಯದರ ಪಾಲೆಷ್ಟು ಎಂದು ಈಗಲೇ ಹೇಳಲಾಗದು, ಆರು ತಿಂಗಳ ನಂತರ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ ಹೋಲಿಸೋಣ ಎಂದು ವೈದ್ಯರು ಹೇಳಿದ್ದಾರೆ. ಆ ದಿನಾಂಕವನ್ನು ಅವರು ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಇರಲಿ ಎಂದು ನನ್ನ ಡೈರಿಯಲ್ಲೂ ಬರೆಸಿದ್ದಾರೆ.